ಸುಂದರಕ್ಕ ಪಾಸು ಮಾಡಿದ ಅಧ್ಯಾಯ

ಬೆಳುವಾಯಿಯಲ್ಲಿ ಚಿದಾನಂದನಿಗೆ ನೆಮ್ಮದಿಯಿಂದ ಕ್ಷೌರ ಮಾಡಿಸಿಕೊಳ್ಳುವ ಹಾಗೂ ಇರಲಿಲ್ಲ. ಕುತ್ತಿಗೆಗೆ ಬಟ್ಟೆ ಕಟ್ಟಿದ ಮೇಲೆ ಎದ್ದು ಓಡಲಾಗುವುದಿಲ್ಲವಲ್ಲ, ಸರಿಯಾಗಿ ಆಗಲೇ ಕ್ಷೌರಿಕ "ಪಿಎಚ್‌ಡಿ ಮುಗೀತಾ ಸರ್?" ಎಂದು ಕೇಳುತ್ತಿದ್ದ. ಮೀನಿನವನು ಕೇಳುತ್ತಿದ್ದ, ಬಸ್ಸಿನ ಕಂಡಕ್ಟರ್ ಕೇಳುತ್ತಿದ್ದ, ಮದುವೆ ಊಟದಲ್ಲಿ ಬಡಿಸುವವರು ಸಾರಿನ ಸೌಟು ಹಿಡಿದುಕೊಂಡೇ ಕೇಳುತ್ತಿದ್ದರು (ಉತ್ತರ ಸಿಗುವವರೆಗೆ ಸಾರು ಬೀಳುತ್ತಿರಲಿಲ್ಲ). ಏಳು ವರ್ಷದಿಂದ ಅವನ ಉತ್ತರ ಒಂದೇ: "ಕೊನೇ ಹಂತದಲ್ಲಿ ಉಂಟು." ಈ ವರ್ಷ ಮಾತ್ರ ಅದು ನಿಜವಾಗಿತ್ತು. ಮೂಡಬಿದಿರೆಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ಅವನಿಗೆ ವಿಶ್ವವಿದ್ಯಾನಿಲಯ ಕಟ್ಟಕಡೆಯ ವಿಸ್ತರಣೆ ಕೊಟ್ಟಿತ್ತು. ಮಾರ್ಚ್ ಮೂವತ್ತೊಂದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು, ಏಳು ವರ್ಷದ ಶ್ರಮ ನೀರುಪಾಲು.

ಸಂಶೋಧನೆಯ ವಿಷಯ ಬೀಡಿ ಕಟ್ಟುವ ಮಹಿಳೆಯರ ದುಡಿಮೆ ಮತ್ತು ಕ್ಷೇಮ. ಅದಕ್ಕಾಗಿ ಅವನು ದೂರ ಹೋಗಬೇಕಾಗಿರಲಿಲ್ಲ. ತಾಯಿ ಸುಂದರಿ ನಲವತ್ತು ವರ್ಷದಿಂದ ಮನೆಯ ಜಗಲಿಯಲ್ಲಿ ಮಡಿಲ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಬೆಳುವಾಯಿ ಮತ್ತು ತೋಡಾರಿನ ಎಂಬತ್ತು ಹೆಂಗಸರನ್ನು ಮಾತಾಡಿಸಿ ಅವನು ಫಾರ್ಮ್ ತುಂಬಿಸಿಕೊಂಡಿದ್ದ. ನಾಲ್ಕು ಅಧ್ಯಾಯ ಹೇಗೋ ಕುಂಟುತ್ತಾ ಬಂದವು. ಐದನೆಯದು, ಕ್ಷೇಮದ ಅಧ್ಯಾಯ, ಮಾತ್ರ ಜಪ್ಪಯ್ಯ ಅಂದರೂ ಮುಂದೆ ಹೋಗಲಿಲ್ಲ. ಫಾರ್ಮುಗಳ ಪ್ರಕಾರ ಆ ಎಂಬತ್ತು ಹೆಂಗಸರಿಗೂ ಯಾವ ತೊಂದರೆಯೂ ಇರಲಿಲ್ಲ. ಅಂಥ ಕ್ಷೇಮದ ಬಗ್ಗೆ ನಲವತ್ತು ಪುಟ ಬರೆಯುವುದು ಹೇಗೆ ಎಂದು ಅವನಿಗೆ ತಿಳಿಯಲಿಲ್ಲ, ತನ್ನ ತಲೆಯೇ ಸರಿಯಿಲ್ಲವೆಂದು ಕೊರಗತೊಡಗಿದ.

ಜನವರಿಯಲ್ಲಿ ಸಂಶೋಧನಾರ್ಥಿಗಳಿಗೆಂದೇ ಬರವಣಿಗೆ, ಉತ್ಪಾದಕತೆ ಮತ್ತು ಕ್ಷೇಮದ ಬಗ್ಗೆ ಎರಡು ದಿನದ ಶಿಬಿರ ನಡೆಯಿತು. ಚಿದಾನಂದ ಅಲ್ಲಿಂದ ಒಂದು ಫೈಲು, ಒಂದು ನೀರಿನ ಬಾಟಲಿ ಮತ್ತು ಹೊಸ ಜನ್ಮದೊಂದಿಗೆ ಮರಳಿದ. ಇಪ್ಪತ್ತೈದು ನಿಮಿಷ ಬರವಣಿಗೆ, ಐದು ನಿಮಿಷ ವಿಶ್ರಾಂತಿ, ನಡುವೆ ದೀರ್ಘ ಉಸಿರು. ಬರವಣಿಗೆಯ ಹೊತ್ತಿನಲ್ಲಿ ಮಿಕ್ಸಿ ತಿರುಗಬಾರದು, ಕುಕ್ಕರ್ ಕೂಗಬಾರದು ಎಂದು ಮನೆಗೆ ಆಜ್ಞೆಯಾಯಿತು.

ಹೆಂಡತಿ ಸುಪ್ರೀತಾ ಬೆಳಗ್ಗೆ ಎಂಟಕ್ಕೆ ಹಾಲಿನ ಸೊಸೈಟಿಯ ಕೆಲಸಕ್ಕೆ ಓಡಬೇಕಾದವಳು.

"ಕುಕ್ಕರಿಗೆ ನಿಮ್ಮ ವೇಳಾಪಟ್ಟಿ ನೀವೇ ಹೇಳಿ," ಎಂದಳು. "ನಾನು ಹೇಳಿದರೆ ಕೇಳ್ಲಿಕ್ಕಿಲ್ಲ."

"ನನ್ನ ಮನಸ್ಸಿನ ಕ್ಷೇಮ ನಿನಗೆ ತಮಾಷೆ."

"ತಮಾಷೆ ಎಂಥದ್ದು? ಮೂರು ದಿನದಿಂದ ಚಟ್ನಿ ಇಲ್ಲದೆ ದೋಸೆ ತಿನ್ತಾ ಇದ್ದೇವೆ."

ಮೂರು ವಾರ ಹೀಗೆ ತಪಸ್ಸು ನಡೆಯಿತು. ಫಲವಾಗಿ ಗೋಡೆಯ ಮೇಲೆ ನಾಲ್ಕು ಬಣ್ಣದ ಒಂದು ಚಾರ್ಟು ಬಂತು, ಕಂಪ್ಯೂಟರಿನಲ್ಲಿ "ಕ್ಷೇಮ ಎಂಬ ಪರಿಕಲ್ಪನೆಯು ಬಹುಆಯಾಮದ್ದಾಗಿದೆ" ಎಂಬ ಒಂದು ವಾಕ್ಯ ಬಂತು. ಆಯಾಮ ಎಷ್ಟು ಎಂದು ಬರೆಯುವ ಮೊದಲೇ ವಿಶ್ರಾಂತಿಯ ಗಂಟೆ ಬಾರಿಸುತ್ತಿತ್ತು.

ಇದನ್ನೆಲ್ಲ ಜಗಲಿಯಿಂದ ನೋಡುತ್ತಿದ್ದ ಸುಂದರಿ ಒಂದು ಸಂಜೆ ಮಗನನ್ನು ಕರೆದರು.

"ಚಿದು, ನಿನಗೆ ಬ್ರಾಂಚ್ ಇಲ್ಲ. ನಿನ್ನ ತೊಂದರೆ ಅದೇ."

"ಎಂಥ ಬ್ರಾಂಚ್ ಅಮ್ಮ?"

"ನಾನು ಬೀಡಿ ಕಟ್ಟುವುದು ಉಮೇದು ಬಂದಾಗ ಅಂತ ಮಾಡಿದ್ದೀಯಾ? ಕಟ್ಟಿದ್ದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗಿ ಚೆಕ್ಕರನ ಮುಂದೆ ಇಡ್ಬೇಕು. ಕಟ್ಟು ಬಿಚ್ಚಿ ಒಂದೊಂದು ಬೀಡಿ ಒತ್ತಿ ನೋಡ್ತಾನೆ. ಅದಕ್ಕೇ ಕೈ ನಡೆಯುವುದು. ನೀನು ಬರೆದದ್ದನ್ನು ಯಾರ ಮುಂದೆ ಇಡ್ತಿ? ನಾಳೆಯಿಂದ ನನ್ನ ಮುಂದೆ ಓದು."

ನಾಲ್ಕನೇ ಕ್ಲಾಸು ಓದಿದ ತಾಯಿಯ ಮುಂದೆ ಡಾಕ್ಟರೇಟ್ ಪ್ರಬಂಧ ಓದುವುದೇ? ಆದರೆ ಬೇರೆ ದಾರಿಯೂ ಇರಲಿಲ್ಲ. ಮುಗಿದ ನಾಲ್ಕು ಅಧ್ಯಾಯಗಳಿಂದಲೇ ಶುರುಮಾಡಿದ. ದಿನಾ ಸಂಜೆ ಐದಕ್ಕೆ ಅವನು ಓದಬೇಕು, ಅವರು ಬೀಡಿ ಕಟ್ಟುತ್ತಾ ಕೇಳಬೇಕು. ಓದಿದ್ದು ಟೊಳ್ಳು ಎನ್ನಿಸಿದ ಕೂಡಲೇ ಅವರ ಕೈ ನಿಲ್ಲುತ್ತಿತ್ತು.

"ಇದರಲ್ಲಿ ಎಲೆ ಮಾತ್ರ ಉಂಟು, ಹೊಗೆಸೊಪ್ಪು ಇಲ್ಲ. ತೆಗೆದಿಡು."

"ಅಮ್ಮ, ಅದು ಸೈದ್ಧಾಂತಿಕ ಚೌಕಟ್ಟು."

"ಇರಬಹುದು. ಸೇದಿದರೆ ಹೊಗೆ ಬರ್ಲಿಕ್ಕಿಲ್ಲ."

ಮೊದಲ ದಿನ ಹನ್ನೊಂದು ಪುಟ ತಿರಸ್ಕೃತವಾದಾಗ ಚಿದಾನಂದನಿಗೆ ಕಣ್ಣಲ್ಲಿ ನೀರು ಬಂತು. ಮರುದಿನ ಸಿಟ್ಟಿನಿಂದಲೇ ಹೊಸದಾಗಿ ಬರೆದ. ಅದರಲ್ಲಿ ಆರು ಪುಟ ಪಾಸಾದವು. ಆಮೇಲೆ ಸಂಜೆ ಐದು ಗಂಟೆ ಎಂದರೆ ಅವನಿಗೆ ಭಯವೂ ಇತ್ತು, ಒಂದು ಬಗೆಯ ಸಂತೋಷವೂ ಇತ್ತು. ಚಾರ್ಟು ಗೋಡೆಯಿಂದ ಇಳಿಯಿತು, ಮಿಕ್ಸಿ ತಿರುಗಿತು, ದೋಸೆಗೆ ಚಟ್ನಿ ಬಂತು. ಫೆಬ್ರವರಿ ಕೊನೆಗೆ ನಾಲ್ಕೂ ಅಧ್ಯಾಯ ನೆಟ್ಟಗಾದವು.

ಆ ಧೈರ್ಯದಲ್ಲಿ ಐದನೆಯದನ್ನೂ ಹತ್ತೇ ದಿನದಲ್ಲಿ ಬರೆದು ತಂದ. "ಬೆನ್ನುನೋವು ಇಲ್ಲವೆಂದವರು ಎಂಬತ್ತು. ಕಣ್ಣುರಿ ಇಲ್ಲವೆಂದವರೂ ಎಂಬತ್ತು. ಒಟ್ಟಾರೆ ಸಂತೃಪ್ತಿ, ಐದರಲ್ಲಿ ನಾಲ್ಕೂ ಮುಕ್ಕಾಲು," ಎಂದು ಓದಿದ. ತಾಯಿಯ ಕೈ ಒಮ್ಮೆಯೂ ನಿಲ್ಲಲಿಲ್ಲ. ಮುಖದಲ್ಲಿ ಹೆಮ್ಮೆ ಕಾಣುತ್ತಿತ್ತು.

"ಇದು ಪೂರಾ ಪಾಸು," ಎಂದರು. "ಎಷ್ಟು ಚಂದದ ಮಾರ್ಕು ಬಂದಿದೆ ನೋಡು ನಿನಗೆ."

"ನನಗೆ ಎಂಥ ಮಾರ್ಕು?"

"ಒಂದರಿಂದ ಐದು ಅಂತ ಫಾರ್ಮಿನಲ್ಲಿ ನೀನೇ ಬರೆದಿದ್ದೆಯಲ್ಲ. ನೀನು ಫಾರ್ಮ್ ಹಿಡ್ಕೊಂಡು ಹೊರಡುವ ಮೊದಲೇ ನಾನು ಬ್ರಾಂಚಿನಲ್ಲಿ ಹೇಳಿಟ್ಟಿದ್ದೆ. ಮಗ ಬರ್ತಾನೆ, ಪಾಪ, ಕಷ್ಟ ಗಿಷ್ಟ ಅಂತ ಹೇಳಿ ಅವನ ಮಾರ್ಕು ಕಡಿಮೆ ಮಾಡ್ಬೇಡಿ, ಎಲ್ಲರೂ ಐದೇ ಕೊಡಿ ಅಂತ. ತೋಡಾರಿನವರಿಗೆ ಬೀಪಾತುಮ್ಮನ ಹತ್ತಿರ ಹೇಳಿ ಕಳಿಸಿದೆ."

ಚಿದಾನಂದ ಹಾಳೆಗಳನ್ನು ಕೆಳಗಿಟ್ಟ. ಏಳು ವರ್ಷ ಅವನನ್ನು ಹಿಂಡಿದ ಒಗಟಿನ ಉತ್ತರ ಎದುರಿಗೇ ಕೂತು ಬೀಡಿಗೆ ನೂಲು ಸುತ್ತುತ್ತಿತ್ತು. ಅವನಿಗೆ ಸಿಟ್ಟು ಬಂತು, ಆದರೆ ಅದನ್ನು ಯಾರ ಮೇಲೆ ಹಾಕುವುದು? ಎಂಬತ್ತು ಹೆಂಗಸರು ನೋಯುವ ಬೆನ್ನನ್ನು ನೆಟ್ಟಗೆ ಮಾಡಿಕೊಂಡು ಅವನಿಗಾಗಿ ಸುಳ್ಳು ಹೇಳಿದ್ದರು. ಅದಕ್ಕಿಂತ ಹೆಚ್ಚು ನಾಚಿಕೆ ತನ್ನ ಬಗ್ಗೆಯೇ ಆಯಿತು. ಚಿಕ್ಕಂದಿನಿಂದ ಅಮ್ಮನ ಬೆನ್ನಿಗೆ ಮುಲಾಮು ತಿಕ್ಕಿದ ಕೈಯಿಂದಲೇ ಅವನು ಅವರ ಫಾರ್ಮಿನಲ್ಲಿ "ಬೆನ್ನುನೋವು ಇಲ್ಲ" ಎಂದು ಬರೆದುಕೊಂಡಿದ್ದ, ಬರೆಯುವಾಗ ಒಂದು ಕ್ಷಣವೂ ತಡೆದಿರಲಿಲ್ಲ.

ಮರುದಿನ ಬಂಟ್ವಾಳಕ್ಕೆ ಹೋಗಿ ಮಾರ್ಗದರ್ಶಕ ಧರ್ಣಪ್ಪ ಸರ್ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಅವರು ಕನ್ನಡಕ ತೆಗೆದು ಒರೆಸಿದರು.

"ಏಳು ವರ್ಷದಲ್ಲಿ ನೀವು ನನಗೆ ಹೇಳಿದ ಮೊದಲನೇ ಹೊಸ ವಿಷಯ ಇದು," ಎಂದರು. "ಇದನ್ನೇ ಬರೀರಿ. ಇಪ್ಪತ್ತು ದಿನ ಉಂಟು. ನಲವತ್ತು ಜನರನ್ನಾದರೂ ಪುನಃ ಕೇಳಿ. ಈ ಸಲ ನಂಬರು ಬೇಡ, ಮಾತು ಸಾಕು."

ಮೊದಲನೆಯ ಮಾತುಕತೆ ಮನೆಯಲ್ಲೇ ನಡೆಯಿತು.

"ಅಮ್ಮ, ಬೆನ್ನುನೋವು ಉಂಟಾ?"

"ಮಾರ್ಕು ಕಡಿಮೆ ಆಗ್ಲಿಕ್ಕಿಲ್ಲವಾ?"

"ಇಲ್ಲ."

"ಹಾಗಾದರೆ ಉಂಟು. ನೀನು ಒಂದನೇ ಕ್ಲಾಸಿಗೆ ಹೋಗುವಾಗಿನಿಂದ ಉಂಟು."

ಮತ್ತೆ ಒಂದು ಗಂಟೆ ಅವರು ನಿಲ್ಲಿಸಲಿಲ್ಲ. ಕಣ್ಣು, ಮೊಣಕಾಲು, ಹೊಗೆಸೊಪ್ಪಿನ ಹುಡಿಯ ಕೆಮ್ಮು, ಮರಗಟ್ಟಿದ ಬೆರಳು ಎಲ್ಲವೂ ಬಂದವು. ಚಿದಾನಂದ ತಲೆ ಎತ್ತದೆ ಬರೆದುಕೊಂಡ. ಕೊನೆಯ ಪ್ರಶ್ನೆ ಬಂತು: ಈಗ ಮನಸ್ಸಿಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಯಾವುದು?

ಸುಂದರಿ ಕಟ್ಟಿದ ಬೀಡಿಯನ್ನು ಮೊರಕ್ಕೆ ಹಾಕಿದರು. "ನಿನ್ನ ಪಿಎಚ್‌ಡಿ," ಎಂದರು. "ಏಳು ವರ್ಷದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ ಮಗ."

ಬಾಗಿಲಲ್ಲಿ ನಿಂತಿದ್ದ ಸುಪ್ರೀತಾ, "ನಾನು ಬೀಡಿ ಕಟ್ಟುವುದಿಲ್ಲ, ನನ್ನದು ನಿಮಗೆ ಲೆಕ್ಕಕ್ಕಿಲ್ಲ," ಎಂದಳು. "ಆದರೆ ನನ್ನದೂ ಅದೇ."

ಹೊರಗೆ ಹೋದರೆ ಸಮಾಧಾನ ಸಿಗಬಹುದೆಂದು ತೋಡಾರಿಗೆ ಹೋದ. ಬೀಪಾತುಮ್ಮ ಚಹಾ ಕೊಟ್ಟು ತಮ್ಮ ನೋವುಗಳನ್ನೆಲ್ಲ ಹೇಳಿದರು. ದೊಡ್ಡ ಚಿಂತೆ ಯಾವುದೆಂದಾಗ ಸಂಕೋಚಪಟ್ಟರು.

"ಬೇಜಾರು ಮಾಡ್ಬೇಡಿ ಸರ್, ನಿಮ್ಮ ಪಿಎಚ್‌ಡಿ. ಸುಂದರಕ್ಕ ಸಿಕ್ಕಿದಾಗಲೆಲ್ಲ ಅದನ್ನೇ ಹೇಳುವುದು. ನಾನೂ ದುವಾ ಮಾಡ್ತಾ ಇದ್ದೇನೆ."

ಬ್ರಾಂಚಿನ ಹೆಂಗಸರಲ್ಲೂ ಹಲವರು ಅದನ್ನೇ ಹೇಳಿದರು. ನಲವತ್ತು ಮಾತುಕತೆ ಮುಗಿಸಿ ಪಟ್ಟಿ ಮಾಡಿದಾಗ ಮಕ್ಕಳ ಮದುವೆ ಎಂದವರು ಹನ್ನೆರಡು, ಸ್ವಂತ ಆರೋಗ್ಯ ಎಂದವರು ಒಂಬತ್ತು, "ಸಂಶೋಧಕನ ಪಿಎಚ್‌ಡಿ" ಎಂದವರು ಹತ್ತೊಂಬತ್ತು. ಚಿದಾನಂದ ಧರ್ಣಪ್ಪ ಸರ್‌ಗೆ ಫೋನ್ ಮಾಡಿ, ಆ ಒಂದು ಸಾಲನ್ನು ಬಿಡಬಹುದೇ ಎಂದು ಬಹಳ ವಿನಯದಿಂದ ಕೇಳಿದ.

"ಬಿಡ್ಲಿಕ್ಕೆ ಆಗುವುದಿಲ್ಲ ಮಾರಾಯ್ರೆ," ಎಂದರು ಅವರು. "ಅವರು ನಿಜ ಹೇಳಿದ್ದು ಇದೇ ಮೊದಲ ಸಲ."

ಪ್ರಬಂಧವನ್ನು ಮಾರ್ಚ್ ಮೂವತ್ತರಂದು ಒಪ್ಪಿಸಲಾಯಿತು. ಕೊನೆಯ ಪುಟದಲ್ಲಿ, ಎಲ್ಲ ಪ್ರಬಂಧಗಳಲ್ಲೂ ಇರುವಂತೆ, ಈ ಮಹಿಳೆಯರ ಕ್ಷೇಮ ಹೆಚ್ಚಿಸಲು ಕೈಗೊಳ್ಳಬೇಕಾದ ಕ್ರಮಗಳ ಪಟ್ಟಿ ಇದೆ. ಮೊದಲನೆಯ ಕ್ರಮ: ಸಂಶೋಧಕನು ಇನ್ನು ತಡಮಾಡದೆ ತನ್ನ ಪ್ರಬಂಧವನ್ನು ಒಪ್ಪಿಸತಕ್ಕದ್ದು.