ಕೊಲೆಗಾರ ಯಾರೆಂದು ಕಾತ್ಯಾಯಿನಿಗೆ ಗೊತ್ತು

ಹ್ಯಾಲೋವೀನ್ ಬಂತೆಂದರೆ ಅಮೆರಿಕದ ಅಲ್ಫರೆಟಾ ಊರಿನ ಮಕ್ಕಳೆಲ್ಲ ದೆವ್ವದ ವೇಷ ಹಾಕಿಕೊಂಡು ಜನರನ್ನು ಹೆದರಿಸುತ್ತಾರೆ. ಶೇಷಾದ್ರಿಯನ್ನು ಹೆದರಿಸಲು ಅವನ ಹೆಂಡತಿ ಕಾತ್ಯಾಯಿನಿಗೆ ವೇಷ ಬೇಕಿರಲಿಲ್ಲ. ಒಂದು ವಾಕ್ಯ ಸಾಕಾಗಿತ್ತು.

ಅದಕ್ಕೆ ಕಾರಣ ಅವನ ಚಟ. ಅಕ್ಟೋಬರ್ ಹುಟ್ಟುತ್ತಲೇ ಅವನಿಗೆ ಹ್ಯಾಲೋವೀನ್ ದಿನವೇ ನಡೆಯುವ ಕೊಲೆಯ ಕಾದಂಬರಿಗಳು ಬೇಕು: ಮಂಜು ಕವಿದ ಸಣ್ಣ ಊರು, ಮುಖವಾಡದ ಪಾರ್ಟಿ, ಕೆತ್ತಿದ ಕುಂಬಳಕಾಯಿಯ ಪಕ್ಕದಲ್ಲೊಂದು ಹೆಣ. ಕೊನೆಯ ಅಧ್ಯಾಯಕ್ಕೆ ಮೊದಲೇ, ಬದುಕಿನಲ್ಲಿ ಒಂದು ಸಲವಾದರೂ, ಕೊಲೆಗಾರನನ್ನು ತಾನೇ ಹಿಡಿಯಬೇಕೆಂಬುದು ಅವನ ಮಹತ್ತ್ವಾಕಾಂಕ್ಷೆ. ಇದುವರೆಗೆ ಅವನು ಹಿಡಿದವರೆಲ್ಲ ನಿರಪರಾಧಿಗಳು. (ಕೆಲವರಂತೂ ಮುಂದಿನ ಅಧ್ಯಾಯದಲ್ಲಿ ತಾವೇ ಕೊಲೆಯಾಗಿ ತಮ್ಮ ಮುಗ್ಧತೆಯನ್ನು ಸಾಬೀತು ಮಾಡಿದ್ದರು.)

ಪುಸ್ತಕಗಳನ್ನು ಲೈಬ್ರರಿಯಿಂದ ತರುವವಳು ಕಾತ್ಯಾಯಿನಿ. ಒಂದು ದಿನ ತನ್ನ ಬಳಿ ಇಟ್ಟುಕೊಂಡು, ಮರುದಿನ ಅವನ ಕೈಗೆ ಕೊಡುವಾಗ ಎಲ್ಲ ಬಲ್ಲವಳಂತೆ ಸಣ್ಣಗೆ ನಗುತ್ತಿದ್ದಳು. ಆಮೇಲೆ ಆಡಳಿತ ಸುಲಭ. ಡಿಶ್‌ವಾಷರ್ ಖಾಲಿ ಮಾಡಲು, ಟ್ರ್ಯಾಶ್ ಹೊರಗಿಡಲು, ಅವಳ ಅಣ್ಣನಿಗೆ ಫೋನ್ ಮಾಡಿ ಮಂಡಿನೋವು ವಿಚಾರಿಸಲು ಗಂಡ ಮೀನಮೇಷ ಎಣಿಸಿದರೆ ಬ್ರಹ್ಮಾಸ್ತ್ರ ಹೊರಬೀಳುತ್ತಿತ್ತು:

“ಏಳ್ತೀರೋ, ಕೊಲೆಗಾರ ಯಾರೂಂತ ಹೇಳ್ಲೋ?”

ಶೇಷಾದ್ರಿ ಏಳುತ್ತಿದ್ದ. ವರ್ಷಗಟ್ಟಲೆ ಎದ್ದಿದ್ದಾನೆ.

ಆ ವರ್ಷ ನರಕ ಚತುರ್ದಶಿ ಹ್ಯಾಲೋವೀನ್ ದಿನವೇ ಬಿತ್ತು. ಬೆಳಗ್ಗೆ ಇಬ್ಬರಿಗೂ ಮೀಟಿಂಗ್ ಇದ್ದುದರಿಂದ ಎಣ್ಣೆಸ್ನಾನ ಸಂಜೆಗೆ ಹೋಯಿತು. (ಅಮೆರಿಕದಲ್ಲಿ ನರಕಾಸುರನೂ ಆಫೀಸ್ ಮುಗಿಯುವ ತನಕ ಜೀವ ಹಿಡಿದಿರಬೇಕು.) ಕಾತ್ಯಾಯಿನಿ ಗಂಡನಿಗೆ ನೆತ್ತಿಯಿಂದ ಹಿಮ್ಮಡಿಯವರೆಗೆ ಅರಿಶಿನ ಬೆರೆಸಿದ ಎಳ್ಳೆಣ್ಣೆ ಬಳಿದು, ಹಳೆಯ ಪಂಚೆಯ ತುಂಡೊಂದನ್ನು ಸುತ್ತಿಸಿ, ಕಾರ್ಪೆಟ್ ಹಾಳಾಗದಿರಲೆಂದು ಗ್ಯಾರೇಜಿನಲ್ಲಿ ಕೂರಿಸಿದಳು. ಎಣ್ಣೆ ನೆನೆಯುವ ತನಕ ಅವನು ಕಾದಂಬರಿ ಹಿಡಿದ. ಕಾಲ ಬಳಿ ಎಣ್ಣೆಯ ಬಟ್ಟಲು. ಗಾಳಿಗೆಂದು ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು.

ಈ ಸಲ ಅವನಿಗೆ ಸಂದೇಹವೇ ಇರಲಿಲ್ಲ. ಚರ್ಚಿನಲ್ಲಿ ಆರ್ಗನ್ ನುಡಿಸುವವನೇ ಕೊಲೆಗಾರ. ಉಳಿದಿದ್ದು ಕೊನೆಯ ಅಧ್ಯಾಯ ಮಾತ್ರ. ಅಷ್ಟರಲ್ಲಿ ಒಳಗಿನಿಂದ ನೀರು ಕಾದಿದೆ ಎಂಬ ಕರೆ ಬಂತು. ಹತ್ತೇ ನಿಮಿಷ ಎಂದು ಅವನು ಅಂಗಲಾಚಿದ. ಅವಳು ಗ್ಯಾರೇಜಿನ ಮೆಟ್ಟಿಲ ಮೇಲೆ ಬಂದು ನಿಂತಳು.

“ಹೇಳೇಬಿಡ್ತೀನಿ, ನೋಡಿ. ಕೊಲೆ ಮಾಡಿದ್ದು...”

ಶೇಷಾದ್ರಿ ಎರಡು ಕಿವಿಗೂ ಬೆರಳು ತುರುಕಿಕೊಂಡ. ಎಣ್ಣೆಯ ತೊಡೆಯ ಮೇಲಿದ್ದ ಪುಸ್ತಕ ನುಣ್ಣಗೆ ಜಾರಿ ನೇರ ಬಟ್ಟಲಿಗೆ ಬಿತ್ತು. ಅದೇ ಹೊತ್ತಿಗೆ ಪಕ್ಕದ ಮನೆಯ ಅಮೂಲ್ಯಾ ಮಾಟಗಾತಿಯ ಟೋಪಿ ತೊಟ್ಟು ಬಾಗಿಲಡಿಯಿಂದ ಇಣುಕಿದಳು.

“ಅಂಕಲ್, ದಟ್ಸ್ ಸೋ ಸ್ಕೇರಿ. ನೀವು ಝಾಂಬಿನಾ?”

ಹಳದಿಯಾಗಿ ಹೊಳೆಯುತ್ತ ಕಿವಿ ಮುಚ್ಚಿ ಕೂತಿದ್ದ ಶೇಷಾದ್ರಿಗೆ ಹೌದೆನ್ನುವುದೇ ಮರ್ಯಾದೆ ಎನಿಸಿತು. ಕಾತ್ಯಾಯಿನಿ ಚಾಕಲೇಟು ಕೊಟ್ಟು ಹುಡುಗಿಯನ್ನು ಕಳಿಸಿದಳು.

ಪುಸ್ತಕ ಎತ್ತಿ ನೋಡಿದರೆ ಕೊನೆಯ ಅಧ್ಯಾಯ ಪೂರ್ತಿ ಎಣ್ಣೆ ಕುಡಿದಿತ್ತು. ಎರಡೂ ಬದಿಯ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಲೈಬ್ರರಿಯಲ್ಲಿ ಮತ್ತೊಂದು ಪ್ರತಿಗೆ ಹೋಲ್ಡ್ ಹಾಕಿ ಸರದಿಗೆ ಕಾದರೆ ಸಂಕ್ರಾಂತಿಗೆ ಬರಬಹುದು. ಶೇಷಾದ್ರಿ ಪುಸ್ತಕವನ್ನು ಹೆಂಡತಿಯ ಮುಂದೆ ಚಾಚಿದ.

“ಕಾತ್ಯಾ, ಈಗ ಹೇಳಿಬಿಡು. ಆ ಆರ್ಗನ್ ನುಡಿಸೋನೇ ತಾನೆ?”

ಕಾತ್ಯಾಯಿನಿ ನೆಲಕ್ಕೆ ಚೆಲ್ಲಿದ ಎಣ್ಣೆ ಒರೆಸತೊಡಗಿದಳು. ಅವನು ಮತ್ತೆ ಕೇಳಿದ.

“ನಂಗೇನ್ರೀ ಗೊತ್ತು? ನಾನು ಹಿಂದಿನ ಕವರ್ ಓದ್ತೀನಿ, ಅಷ್ಟೆ. ಆಫೀಸು, ಅಡುಗೆ ಮಧ್ಯ ಇಡೀ ಪುಸ್ತಕ ಯಾರು ಓದ್ತಾ ಕೂರ್ತಾರೆ?”

“ಹಾಗಾದ್ರೆ ಇಷ್ಟು ವರ್ಷ?”

“ಇಷ್ಟು ವರ್ಷಾನೂ ಅಷ್ಟೆ.”

ಅಪರಾಧಿಯ ಎದುರೇ ದಿನಾ ಊಟಕ್ಕೆ ಕೂತು, ಅವಳು ಬಡಿಸಿದ ಸಾರಿಗೆ ಕೈಯೊಡ್ಡಿಯೂ, ಒಂದು ಸುಳಿವೂ ಹತ್ತಿರಲಿಲ್ಲ ಈ ಮಹಾ ಪತ್ತೇದಾರನಿಗೆ. ಆದರೂ ಸ್ವಾತಂತ್ರ್ಯದ ಗಾಳಿ ತಾಗಿ ಎದೆ ಉಬ್ಬಿತು. ಇನ್ನು ಮೇಲೆ ಟ್ರ್ಯಾಶ್ ನೀನೇ ಇಡು, ನಾನು ಯಾರಿಗೂ ಹೆದರಬೇಕಾಗಿಲ್ಲ ಎಂದು ಘೋಷಿಸಿದ.

“ಆಗ್ಲಿ,” ಎಂದಳು ಕಾತ್ಯಾಯಿನಿ. “ಶನಿವಾರ ಕನ್ನಡ ಕೂಟದಲ್ಲಿ ಎಲ್ರಿಗೂ ಹೇಳ್ಲಾ, ಹೆಂಡ್ತಿ ಓದ್ದೇ ಇರೋ ಪುಸ್ತಕಕ್ಕೆ ನೀವು ಎಷ್ಟು ವರ್ಷ ಹೆದರಿದ್ರಿ ಅಂತ?”

ಶೇಷಾದ್ರಿ ಅದೇ ಪಂಚೆಯ ತುಂಡಿನಲ್ಲಿ ಹೋಗಿ ಟ್ರ್ಯಾಶ್ ಹೊರಗಿಟ್ಟು, ಸ್ನಾನಕ್ಕೆ ನಡೆದ. ಸೀಗೆಪುಡಿ ಕಣ್ಣಿಗೆ ಬಿದ್ದಾಗ ಅವನಿಗೆ ಒಂದು ವಿಷಯ ಸ್ಪಷ್ಟವಾಯಿತು. ಕಾದಂಬರಿಯ ಗುಟ್ಟಾದರೆ ಕೊನೆಯ ಪುಟ ಮುಗಿಯುತ್ತಲೇ ತೀರುತ್ತಿತ್ತು. ಈ ಗುಟ್ಟಿಗೆ ಕೊನೆಯ ಪುಟವೇ ಇಲ್ಲ.