ಜಿನೆಟ್‌ಳ ಗದ್ದದವರೆಗೆ ನೀರು

"ಕಟ್ಟಿಹಾಕಿದವನಿಗೆ ಬಿಚ್ಚೋದು ಗೊತ್ತಿರಲ್ವಾ?" ಎಂದು ಅಮೆರಿಕದ ಬರ್ಬ್ಯಾಂಕ್ ಊರಿನ ಕಥೆಗಾರ ಲೈಲ್ ಹಾಫ್‌ಸ್ಟೆಟರ್ ಮೀಸೆ ತಿರುವುತ್ತಿದ್ದ. ಹಿಂದೆ ಶನಿವಾರ ಮಧ್ಯಾಹ್ನ ಥಿಯೇಟರುಗಳಲ್ಲಿ ಹತ್ತು ಸೆಂಟಿಗೆ ತೋರಿಸುತ್ತಿದ್ದ ಕಂತಿನ ಸಿನಿಮಾಕ್ಕೆ ಟಿವಿಯಲ್ಲಿ ಮರುಜನ್ಮ ಕೊಡುವ ಪುಣ್ಯಕಾರ್ಯ ೧೯೭೯ರಲ್ಲಿ ಅವನ ಹೆಗಲೇರಿತ್ತು. ಪ್ರತಿ ಮಂಗಳವಾರ ನಾಯಕಿ ಜಿನೆಟ್ ಸಾವಿನ ಬಾಯಿಗೆ ಬೀಳಬೇಕು, ಮುಂದಿನ ಮಂಗಳವಾರ ಪಾರಾಗಬೇಕು. ಬೀಳಿಸುವುದರಲ್ಲಿ ಲೈಲ್ ಮಹಾಪ್ರವೀಣ. ಪಾರು ಮಾಡುವ ಬಗೆಯನ್ನು ಬೀಳಿಸಿದ ಮೇಲೆಯೇ ಯೋಚಿಸುತ್ತಿದ್ದ. ಆ ಕಸುಬಿನವರ ಪದ್ಧತಿಯೇ ಅದು.

ಈ ಸಲ ಅವಳನ್ನು ನೆಲಮಾಳಿಗೆಯಲ್ಲಿ ಕುರ್ಚಿಗೆ ಬಿಗಿದು, ಗದ್ದದವರೆಗೆ ನೀರು ತುಂಬಿಸಿ, ಕೈತೊಳೆದುಕೊಂಡಿದ್ದ. ಆ ಕಂತನ್ನು ಅವನ ಜೊತೆ ನೋಡಿದವಳು ತಾಯಿ ಓಪಲ್, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ. ಅವಳ ಹೃದಯ ಸೋತಿತ್ತು. ಡಾಕ್ಟರು ತಿಂಗಳ ಮಾತು ಬಿಟ್ಟು ವಾರದ ಮಾತಿಗೆ ಇಳಿದಿದ್ದರು.

"ಮುಂದಿನ ಮಂಗಳವಾರದ ತನಕ ನಾನೆಲ್ಲೂ ಹೋಗಲ್ಲ," ಎಂದಿದ್ದಳು ಮುದುಕಿ.

ಧಾರಾವಾಹಿಗೆ ಮುಂಚೆ ಮಗ ತಿಂಗಳಿಗೊಮ್ಮೆ ಹೂವು ಕಳಿಸಿ ಸುಮ್ಮನಾಗುತ್ತಿದ್ದ. ಈಗ ಒಂದು ಮಂಗಳವಾರವೂ ತಪ್ಪಿಸುತ್ತಿರಲಿಲ್ಲ.

"ಹೇಗೆ ಪಾರಾಗ್ತಾಳೆ ಅಂತ ನಂಗೊತ್ತಮ್ಮ. ಹೇಳಲ್ಲ," ಎಂದು ಬೀಗಿ ಬಂದಿದ್ದ. ಗೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಬಟ್ಟೆ ಒಣಹಾಕುವ ಹಗ್ಗ ತಂದು ಹೆಂಡತಿ ನೊರೀನ್ ಕೈಗಿತ್ತು, ಅಡುಗೆಮನೆಯ ಕುರ್ಚಿಯಲ್ಲಿ ಕೂತ. "ಕಟ್ಟು ನನ್ನ. ಬಿಗಿಯಾಗಿ."

"ಇಪ್ಪತ್ತು ವರ್ಷದಿಂದ ಕಾಯ್ತಿದ್ದೆ," ಎಂದಳು ನೊರೀನ್. ಚಿಕ್ಕಂದಿನಲ್ಲಿ ಸ್ಕೌಟಿನಲ್ಲಿ ಗಂಟು ಹಾಕಿ ಪದಕ ಗೆದ್ದವಳು. "ನಾನು ಕೂದಲು ಸೆಟ್ ಮಾಡಿಸೋಕೆ ಹೋಗ್ಬೇಕು. ಬಿಚ್ಚೋಕೆ ಬರಲಿಲ್ಲ ಅಂದ್ರೆ?"

"ನೀನು ಕಾರ್ ಸ್ಟಾರ್ಟ್ ಮಾಡೋಷ್ಟರಲ್ಲಿ ನಾನಿಲ್ಲಿ ಕಾಫಿ ಕುಡೀತಿರ್ತೀನಿ."

ಕಾರು ಸ್ಟಾರ್ಟಾಯಿತು, ಹೋಗಿಯೂ ಆಯಿತು. ಗಂಟು ಮಿಸುಕಲಿಲ್ಲ. ಅಷ್ಟರಲ್ಲಿ ಗೋಡೆಯ ಫೋನು ಬಡಿದುಕೊಳ್ಳತೊಡಗಿತು. ಲೈಲ್ ಕುರ್ಚಿಸಮೇತ ಕುಪ್ಪಳಿಸಿದ. ಮೂರನೇ ನೆಗೆತಕ್ಕೆ ಮೇಜುಬಟ್ಟೆ ಕಾಲಿಗೆ ಸಿಕ್ಕಿತು. ಟ್ಯೂನಾ ಮೀನಿನ ನೂಡಲ್ಸ್ ಪಾತ್ರೆಯನ್ನು ಕಿರೀಟದಂತೆ ಧರಿಸಿ ಕಥೆಗಾರ ಶಿರೋಮಣಿ ಮಗ್ಗುಲಾಗಿ ಧರೆಗೊರಗಿದ. ಎರಡು ಗಂಟೆ ಕಾಲ ಮನೆಯ ನಾಯಿ ಅವನ ಕಿವಿಯಿಂದ ನೂಡಲ್ಸ್ ಹೆಕ್ಕಿ ತಿಂದಿತು.

ನೊರೀನ್ ಬರುವ ಹೊತ್ತಿಗೆ ಫೋನು ಮತ್ತೆ ಬಡಿದುಕೊಂಡಿತು. ಅವಳು ರಿಸೀವರ್ ಎಳೆದು, ಬಗ್ಗಿ, ಗಂಡನ ಕಿವಿಗೆ ಹಿಡಿದಳು. ಸ್ಟುಡಿಯೋದ ಮ್ಯಾನೇಜರು.

"ಲೈಲ್, ಮುಂದಿನ ಕಂತು ಬರೆದಾಯ್ತಾ?"

"ಇನ್ನೇನು, ಆದ ಹಾಗೇ."

"ಬೇಡ ಬಿಡು. ನೋಡೋರೇ ಇಲ್ಲ ಅಂತ ನಿಲ್ಲಿಸಿಬಿಟ್ರು. ಬರೋ ಮಂಗಳವಾರದಿಂದಲೇ ಇಲ್ಲ."

"ಹಾಗಾದ್ರೆ ಜಿನೆಟ್ ಗತಿ?"

"ಯಾರು?"

ನೊರೀನ್ ನಗಲಿಲ್ಲ. ಕತ್ತರಿ ತಂದು ಹಗ್ಗ ಕತ್ತರಿಸುತ್ತ, "ನಿಮ್ಮಮ್ಮಂಗೆ ಯಾರು ಹೇಳೋದು?" ಎಂದಷ್ಟೇ ಕೇಳಿದಳು.

ಅವನೇ ಹೇಳಬೇಕಾಯಿತು. ಮರುದಿನ ಹಾಸಿಗೆಯ ಅಂಚಿಗೆ ಕೂತ. "ಧಾರಾವಾಹಿ ನಿಲ್ಲಿಸಿಬಿಟ್ರಮ್ಮ." ಹಗ್ಗ ಬಿಗಿದಿದ್ದ ಮಣಿಕಟ್ಟು ತಿಕ್ಕಿಕೊಂಡ. "ಅವಳು ಹೇಗೆ ಪಾರಾಗ್ತಾಳೆ ಅಂತ ನಂಗೂ ಗೊತ್ತಿಲ್ಲ. ಸುಳ್ಳು ಹೇಳಿದ್ದೆ."

"ಅದು ಆವತ್ತೇ ಗೊತ್ತಾಯ್ತು ಕಣೋ. ಗೊತ್ತಿದ್ದಿದ್ರೆ ನೀನು ಬಾಯ್ಮುಚ್ಕೊಂಡು ಕೂತಿರ್ತಿದ್ಯಾ?"

ಲೈಲ್‌ಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಓಪಲ್ ಕೈ ಚಾಚಿ ಅವನ ಮಣಿಕಟ್ಟಿನ ಕೆಂಪು ಬರೆಯನ್ನು ಸವರಿದಳು.

"ಅವಳ ಕಥೆ ಹಾಗಿರ್ಲಿ," ಎಂದಳು. "ಧಾರಾವಾಹಿ ಇಲ್ಲ ಅಂತ ನೀನು ಮಂಗಳವಾರ ಬರೋದು ನಿಲ್ಲಿಸ್ಬೇಡ."