ಸಭೆಗೆ ಬಂದ ಮೊದಲ ಹೊಸಬ

ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಹಾಸಿಗೆ ಅಂಗಡಿಯ ಮಹಡಿಯಲ್ಲಿದ್ದ ಸಭಾಂಗಣದ ಬೀಗ ತೆರೆದುಕೊಂಡಿತು. ಅದರೊಳಗೆ ಮುರಿದು ಕೂತಿದ್ದ ಕೀಲಿಯ ತುಂಡನ್ನು ಹೊರಗೆಳೆದ ಬೀಗದವನು, ಒಳಗಿನ ಚಿಲಕವನ್ನೂ ಒಮ್ಮೆ ನೋಡಿಬಿಡೋಣ ಎಂದುಕೊಂಡು ಹೊಸ್ತಿಲು ದಾಟಿ ಒಂದು ಹೆಜ್ಜೆ ಒಳಗಿಟ್ಟ. ಅವನು ಮಾಡಿದ ತಪ್ಪು ಅಷ್ಟೇ.

"ಬಂದ್ರು!" ಎಂದು ಹಿಂದಿನಿಂದ ಯಾರೋ ಕೂಗಿದರು.

ಯಾರು ಬಂದರೆಂದು ಅವನು ತಿರುಗಿ ನೋಡಿದ. ಮೆಟ್ಟಿಲ ಮೇಲೆ ಬಾಗಿಲು ತೆರೆಯಲೆಂದು ಕಾದು ನಿಂತಿದ್ದ ಅಷ್ಟೂ ಜನ ಅವನನ್ನೇ ನೋಡುತ್ತಿದ್ದರು. ಗಂಟೆಗಟ್ಟಲೆ ಕಾದ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಾಗ ಜನ ನೋಡುತ್ತಾರಲ್ಲ, ಹಾಗೆ.

ಅದು ಹೊಸ ಕ್ರೈಸ್ತ ಸಭೆ. ಊರಿನ ಇನ್ನೊಂದು ತುದಿಯ ಹಳೆಯ, ದೊಡ್ಡ ಚರ್ಚಿನವರು ಒಬ್ಬ ಎಳೆಯ ಪಾಸ್ಟರನ್ನೂ ಜೊತೆಗೆ ಕೆಲವು ಕುಟುಂಬಗಳನ್ನೂ ಕೊಟ್ಟು, "ಬೆಳೆಸಿ" ಎಂದು ಕಳಿಸಿದ್ದರು. ಕಳಿಸುವ ಮೊದಲು ತರಬೇತಿಯನ್ನೂ ಕೊಟ್ಟಿದ್ದರು. ಹೊಸಬರು ಒಳಗೆ ಕಾಲಿಟ್ಟ ಮೊದಲ ಹತ್ತು ನಿಮಿಷದಲ್ಲೇ ಮತ್ತೆ ಬರುವುದೋ ಬೇಡವೋ ಎಂದು ತೀರ್ಮಾನಿಸಿಬಿಡುತ್ತಾರೆ ಎಂಬುದು ತರಬೇತಿಯ ಸಾರ. ಅದರಂತೆ ಬಾಗಿಲ ತಂಡ, ಕುರ್ಚಿ ತಂಡ, ಚಹಾ ತಂಡ, ಮಾತುಕತೆಯ ತಂಡ ಎಲ್ಲವೂ ತಯಾರಾದವು. ತಂಡದಲ್ಲಿ ಇಲ್ಲದವರು ಸಭೆಯಲ್ಲಿ ಯಾರೂ ಇರಲಿಲ್ಲ. ಇಲ್ಲದಿದ್ದದ್ದು ಹೊಸಬರು ಮಾತ್ರ.

ಆರು ತಿಂಗಳಿಂದ ಅವರು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡುತ್ತಿದ್ದರು. ಪ್ರತಿ ವಾರ ಒಬ್ಬ ಸದಸ್ಯರು ಹೊರಗೆ ಹೋಗಿ, ಹೊಸಬರಂತೆ ಮುಖ ಮಾಡಿಕೊಂಡು ಒಳಗೆ ಬರಬೇಕು. ಕಳೆದ ವಾರ ಹಾಗೆ ಬಂದ ದರ್ಜಿಯನ್ನು ಎಲ್ಲರೂ ಎಷ್ಟು ಚೆನ್ನಾಗಿ ಸ್ವಾಗತಿಸಿದರೆಂದರೆ ಅವನು ಅತ್ತೇಬಿಟ್ಟಿದ್ದ. ಈ ತಿಂಗಳು ಮುಗಿಯುವುದರೊಳಗೆ ನಿಜವಾದ ಹೊಸಬರೊಬ್ಬರಾದರೂ ಬಾರದಿದ್ದರೆ ಬಾಗಿಲು ಮುಚ್ಚಿ ವಾಪಸ್ ಬನ್ನಿ ಎಂದು ದೊಡ್ಡ ಚರ್ಚಿನವರು ಹೇಳಿ ಕಳಿಸಿದ್ದರು. ಅವತ್ತು ಆ ತಿಂಗಳ ಕೊನೆಯ ಭಾನುವಾರ.

ದರ್ಜಿ ಎರಡು ಕೈಯಲ್ಲೂ ಬೀಗದವನ ಬಲಗೈ ಹಿಡಿದು ಕುಲುಕಿದ. ದರ್ಜಿ ಬಾಗಿಲ ತಂಡ. ಅವನ ಗಾತ್ರವೂ ಬಾಗಿಲಿನದೇ.

"ಬನ್ನಿ ಬ್ರದರ್, ಬನ್ನಿ ಬನ್ನಿ."

"ನಾನು ಬೀಗ ತೆಗೆಯೋಕೆ ಬಂದವನು ಸ್ವಾಮಿ. ನೀವೇ ಫೋನ್ ಮಾಡಿದ್ರಲ್ಲ."

"ಯಾತಕ್ಕೋ ಬಂದ್ರಲ್ಲ, ಅದು ಮುಖ್ಯ."

ಬೀಗದವನಿಗೆ ಚರ್ಚು ಹೊಸದಲ್ಲ. ಆದರೆ ತನ್ನ ಮದುವೆಗೆ ಹೋದದ್ದೇ ಕೊನೆ. ಅಲ್ಲಿಯೂ ಅವನನ್ನು ಯಾರೂ ಇಷ್ಟು ಪ್ರೀತಿಯಿಂದ ಒಳಗೆ ಕರೆದ ನೆನಪಿಲ್ಲ. ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕುರ್ಚಿಯೊಂದು ಬಂದು ಮೊಣಕಾಲಿಗೆ ತಾಗಿತು. ಅವನು ಕೂತ. "ಭಾರ ಯಾಕೆ ಹೊರ್ತೀರಿ ಬ್ರದರ್" ಎಂದು ಇನ್ಯಾರೋ ಅವನ ಹತಾರದ ಚೀಲ ಇಸಿದುಕೊಂಡು ಹೋದರು. ಚಪ್ಪಲಿ ಯಾವಾಗ ಹೋಯಿತೆಂದು ಅವನಿಗೆ ಗೊತ್ತೇ ಆಗಲಿಲ್ಲ.

"ನಂಗೆ ಹನ್ನೊಂದು ಗಂಟೆಗೆ ಅರ್ಜೆಂಟ್ ಕೆಲಸ ಇದೆ" ಎಂದ.

ಇದ್ದದ್ದು ನಿಜ. ಎಂಟು ವರ್ಷಗಳಿಂದ ಅವನೂ ಅವನ ಹೆಂಡತಿಯೂ ಹಿಟ್ಟಿನ ಗಿರಣಿಗೆ ಗೋಡೆ ಹಂಚಿಕೊಂಡ ಮನೆಯಲ್ಲಿದ್ದರು. ಗಿರಣಿಗೆ ಭಾನುವಾರದ ರಜೆಯೂ ಇರಲಿಲ್ಲ. ಅಷ್ಟು ವರ್ಷಗಳಲ್ಲಿ ಗಂಡ ಹೆಂಡತಿ ಆಡಿದ ಮಾತೆಲ್ಲ ಕಿರುಚಿ ಆಡಿದ್ದೇ. ಉಪ್ಪು ಕೇಳಿದರೂ ಜಗಳ ಕಾದಂತೆ ಕೇಳಿಸುತ್ತಿತ್ತು. ಹೆಂಡತಿ ಊರೆಲ್ಲ ಅಲೆದು ಸದ್ದಿಲ್ಲದ ಓಣಿಯಲ್ಲಿ ಒಂದು ಬಾಡಿಗೆ ಮನೆ ಹುಡುಕಿದ್ದಳು. ಅದಕ್ಕೆ ಇನ್ನೂ ಒಬ್ಬರು ಗಿರಾಕಿ ಇದ್ದರು. "ಹನ್ನೊಂದಕ್ಕೆ ಗಂಡ ಹೆಂಡತಿ ಇಬ್ರೂ ಬಂದು ಮಾತು ಮುಗಿಸಿ. ಇಲ್ಲಾಂದ್ರೆ ಅವರಿಗೆ ಕೊಟ್ಬಿಡ್ತೀನಿ" ಎಂದಿದ್ದ ಮಾಲೀಕ. ಬೆಳಿಗ್ಗೆ ಹೊರಡುವಾಗ ಹೆಂಡತಿ ಗಿರಣಿಯ ಸದ್ದಿಗೂ ಮೇಲೆ ಕೂಗಿ ಹೇಳಿದ್ದಳು: "ಈ ಮನೆ ತಪ್ಪಿದ್ರೆ ನೀವೊಬ್ರೇ ಇಲ್ಲಿರಿ. ನಾನು ಅಮ್ಮನ ಮನೆಗೆ!"

"ಹನ್ನೊಂದಕ್ಕೆ ಇನ್ನೂ ಎಷ್ಟೊಂದು ಹೊತ್ತಿದೆಯಲ್ಲ" ಎಂದರು ಟೀಚರಮ್ಮ. ಅವರು ನಿವೃತ್ತ ಶಿಕ್ಷಕಿ, ಮಾತುಕತೆಯ ತಂಡ. ಕುರ್ಚಿ ಎಳೆದುಕೊಂಡು ಅವನೆದುರೇ ಕೂತರು. "ಹೇಗಿದೀರಿ? ನಿಜ ಹೇಳ್ಬೇಕು."

"ಚೆನ್ನಾಗಿದೀನಿ."

"ಎಲ್ರೂ ಮೊದ್ಲು ಹಾಗೇ ಅಂತಾರೆ. ನಾನು ಕಾಯ್ತೀನಿ."

ಅವರು ಕಾದರು. ಅವರ ಹಿಂದೆ ಉಳಿದವರೂ ಕಾದರು. ಚಹಾ ತಂಡದ ನರ್ಸಮ್ಮ ಲೋಟ ಹಿಡಿದು ಬಂದು ಅವನ ಮುಖವನ್ನು ವಾರೆಗಣ್ಣಿನಿಂದ ನೋಡಿ, "ಮುಖ ಬಾಡಿದೆ. ಬಿಪಿ ನೋಡ್ತೀನಿ" ಎಂದು ತೋಳಿಗೆ ಪಟ್ಟಿ ಸುತ್ತಿಯೇಬಿಟ್ಟರು. ಬಿಪಿ ಏರಿತ್ತು. ಒಂಬತ್ತೂಕಾಲಿಗೆ ಮೊದಲು ನೋಡಿದ್ದರೆ ಏರಿರುತ್ತಿರಲಿಲ್ಲ.

"ಅಯ್ಯೋ, ಈ ಬಿಪಿ ಇಟ್ಕೊಂಡು ಮೆಟ್ಟಿಲಿಳಿಯೋ ಹಾಗಿಲ್ಲ" ಎಂದರು ನರ್ಸಮ್ಮ. ಇಡೀ ಸಭೆ ಮರುಗಿತು, ಒಳಗೊಳಗೇ ಸಂತೋಷಪಟ್ಟಿತು.

ಹಾಡು ಶುರುವಾದಾಗ ಅವನ ಫೋನ್ ಹೊಡೆದುಕೊಂಡಿತು. ಹೆಂಡತಿ.

"ಎಲ್ಲಿದೀರಿ?"

"ಚರ್ಚಲ್ಲಿ."

"ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವಾ? ಹಿಂದೆ ಯಾರೋ ಹಾಡ್ತಿದಾರೆ. ಬೆಳಿಗ್ಗೆ ಬೆಳಿಗ್ಗೇನೇ ಕುಡಿಯೋರ ಜೊತೆ ಕೂತಿದೀರಾ?"

"ಇಲ್ಲ ಕಣೇ, ದೇವರಾಣೆಗೂ ಚರ್ಚು. ಹಾಸಿಗೆ ಅಂಗಡಿ ಮೇಲೆ. ಬಿಡ್ತಾ ಇಲ್ಲ ಇವರು."

"ಯಾರು ಬಿಡ್ತಾ ಇಲ್ಲ?"

"ಎಲ್ರೂ. ತುಂಬಾ ಒಳ್ಳೆಯವರು."

ಫೋನ್ ಕಟ್ಟಾಯಿತು.

ಬೀಗದವನು ಕೊನೆಯ ಅಸ್ತ್ರ ತೆಗೆದ. ಶೌಚಾಲಯಕ್ಕೆ ಹೋಗಬೇಕೆಂದ. ದರ್ಜಿ ದಾರಿ ತೋರಿಸಿದ, ಕೈಗೆ ಟವೆಲ್ಲನ್ನೂ ಕೊಟ್ಟ. ಶೌಚಾಲಯದ ಪಕ್ಕದಲ್ಲಿ ಹಿಂದಿನ ಮೆಟ್ಟಿಲಿಗೆ ಒಂದು ಬಾಗಿಲಿತ್ತು. ಅದನ್ನು ಕಂಡು ಅವನಿಗೆ ಹೋದ ಜೀವ ಬಂದಂತಾಯಿತು. ತನ್ನ ವೃತ್ತಿಯಲ್ಲಿ ಅವನು ತೆರೆಯದ ಬಾಗಿಲಿಲ್ಲ. ಕಬ್ಬಿಣದ ತಿಜೋರಿ ತೆರೆದಿದ್ದ, ಒಮ್ಮೆ ಪೊಲೀಸ್ ಠಾಣೆಯ ಬಾಗಿಲನ್ನೇ ಪೊಲೀಸರಿಗಾಗಿ ತೆರೆದುಕೊಟ್ಟಿದ್ದ. ಬಗ್ಗಿ ನೋಡಿದ. ಬಾಗಿಲಿಗೆ ಬೀಗವೇ ಇರಲಿಲ್ಲ. ಆಚೆ ಕಡೆಯಿಂದ ಬರೀ ಚಿಲಕ ಹಾಕಿತ್ತು. ಬೀಗವಿದ್ದಿದ್ದರೆ ಅರ್ಧ ನಿಮಿಷದ ಕೆಲಸ. ಚಿಲಕವನ್ನು ಏನು ಮಾಡುವುದು?

"ಬ್ರದರ್, ನೀರು ಬರ್ತಾ ಇದೆಯಾ?" ಎಂದು ಹೊರಗಿನಿಂದ ನರ್ಸಮ್ಮ ಕೇಳಿದರು.

ಅವನು ಮರಳಿ ಬಂದು ಕೂತಾಗ ಪಾಸ್ಟರ್ ಉಪದೇಶದ ಪ್ರಸಂಗಕ್ಕೆ ನಿಂತಿದ್ದರು. ವಿಷಯ: ಸಭೆ ಯಾಕಿದೆ? ಹೊಸಬರು ಬಂದ ದಿನ ಹೇಳಲೆಂದು ಆರು ತಿಂಗಳಿಂದ ಜೋಪಾನವಾಗಿ ಇಟ್ಟುಕೊಂಡಿದ್ದ ಪ್ರಸಂಗ ಅದು. ಪ್ರಸಂಗ ನಾಟುತ್ತಿದೆಯೇ ಎಂದು ನೋಡಲು ಉಳಿದವರೆಲ್ಲ ಕುರ್ಚಿ ತಿರುಗಿಸಿ, ಪಾಸ್ಟರಿಗೆ ಬೆನ್ನು ಹಾಕಿ, ಬೀಗದವನ ಕಡೆ ಮುಖ ಮಾಡಿ ಕೂತಿದ್ದರು. ಅವನು ತಲೆಯಾಡಿಸಿದರೆ ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದರು. ಕಿವಿ ತುರಿಸಿಕೊಂಡರೆ ಗಾಬರಿಯಾಗುತ್ತಿದ್ದರು.

"ಸಭೆ ಇರೋದು ಒಳಗಿರೋರ ನೆಮ್ಮದಿಗಲ್ಲ" ಎಂದರು ಪಾಸ್ಟರ್. "ಹಾಗಿದ್ರೆ ಯಾತಕ್ಕೆ? ನಮ್ಮ ಅತಿಥಿಗಳನ್ನೇ ಕೇಳೋಣ. ಬ್ರದರ್, ನಿಮಗೇನನ್ಸುತ್ತೆ?"

ಬೀಗದವನ ಕಣ್ಣು ಬಾಗಿಲ ಮೇಲಿತ್ತು. ದರ್ಜಿ ಅದಕ್ಕೆ ಬೆನ್ನು ಆನಿಸಿ ನಿಂತಿದ್ದ.

"ಬಾಗಿಲು ತೆಗೆದಿಟ್ರೆ ಸಾಕು" ಎಂದ.

ಪಾಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಕೇಳಿದ್ರಾ? ಬಾಗಿಲು ತೆಗೆದಿಡೋದು! ಇಷ್ಟು ಓದಿ ನಂಗೆ ಹೊಳೀಲಿಲ್ಲವಲ್ಲ!" ಮುಂದಿನ ಇಪ್ಪತ್ತು ನಿಮಿಷ ಅವರು ತೆರೆದ ಬಾಗಿಲಿನ ಬಗ್ಗೆ ಮಾತಾಡಿದರು. ಅಷ್ಟು ಹೊತ್ತೂ ಬಾಗಿಲು ಮುಚ್ಚಿಯೇ ಇತ್ತು.

ಹತ್ತೂವರೆ ದಾಟಿದಾಗ ಬೀಗದವನು ಒಂದು ಸೋಜಿಗ ಕಂಡ. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಮುದುಕರೊಬ್ಬರು ಎದ್ದು, ಕೋಲು ಊರಿಕೊಂಡು, ಆರಾಮಾಗಿ ಬಾಗಿಲ ಕಡೆ ನಡೆದರು. ದರ್ಜಿ ಪಕ್ಕಕ್ಕೆ ಸರಿದ. ಮುದುಕರು ಹೊರಟುಹೋದರು. ಯಾರೂ ತಿರುಗಿಯೂ ನೋಡಲಿಲ್ಲ.

"ಅವರು ಹೇಗೆ ಹೋದ್ರು?" ಎಂದು ಟೀಚರಮ್ಮನ ಕಿವಿಯಲ್ಲಿ ಕೇಳಿದ.

"ಅವರು ಸದಸ್ಯರಲ್ವಾ? ಸದಸ್ಯರ ಕಡೆ ಯಾರು ನೋಡ್ತಾರೆ!"

ಬೀಗದವನು ಎದ್ದು ನಿಂತ. "ನಾನೂ ಸದಸ್ಯನಾಗ್ತೀನಿ. ಈಗ್ಲೇ."

ಆಮೇಲೆ ಆದ ಗದ್ದಲಕ್ಕೆ ಕೆಳಗಿನ ಅಂಗಡಿಯ ಹಾಸಿಗೆಗಳೂ ನಡುಗಿರಬೇಕು. ದರ್ಜಿ ಮತ್ತೆ ಅತ್ತ. ಪಾಸ್ಟರ್ ಓಡಿಬಂದು ಅಪ್ಪಿಕೊಂಡು ಪ್ರಾರ್ಥನೆ ಮಾಡಿ, "ಇವತ್ತಿಂದ ನೀವು ನಮ್ಮವರು" ಎಂದರು. ಹಾಗೆಂದ ಕ್ಷಣವೇ ಎಲ್ಲ ಬದಲಾಯಿತು. ನರ್ಸಮ್ಮ ಅವನ ಕೈಯಲ್ಲಿದ್ದ ಅರ್ಧ ಕುಡಿದ ಚಹಾದ ಲೋಟ ತೆಗೆದುಕೊಂಡು ಹೋದರು. ಕುರ್ಚಿಯನ್ನು ಯಾರೋ ಮಡಚಿ ಗೋಡೆಗೆ ಆನಿಸಿದರು. ಟೀಚರಮ್ಮ ಪಕ್ಕದವರ ಜೊತೆ ಮಾತಿಗಿಳಿದರು. ಚಪ್ಪಲಿ, ಚೀಲ ಎಲ್ಲಿವೆಯೆಂದು ಅವನು ಮೂರು ಸಲ ಕೇಳಬೇಕಾಯಿತು. ಕೊನೆಗೆ ತಾನೇ ಹುಡುಕಿಕೊಂಡ. ದರ್ಜಿ ಅವನನ್ನು ಕಂಡೂ ಕಾಣದಂತೆ ಪಕ್ಕಕ್ಕೆ ಸರಿದ.

ಗಂಟೆ ಹತ್ತೂ ಮುಕ್ಕಾಲು. ಆಟೋ ಹಿಡಿದರೆ ಹನ್ನೊಂದಕ್ಕೆ ಸರಿಯಾಗಿ ತಲುಪಬಹುದು. ಅವನು ಮೆಟ್ಟಿಲಿಗೆ ಕಾಲಿಡುವಾಗ ಕೆಳಗಿನಿಂದ ದಡದಡ ಸದ್ದು ಮಾಡಿಕೊಂಡು ಹೆಂಡತಿ ಹತ್ತಿ ಬರುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಅದು ಒಳ್ಳೆಯ ಸೂಚನೆಯಲ್ಲ.

"ಯಾರ್ರೀ ಅದು, ನನ್ನ ಗಂಡನ್ನ ಬಿಡದೇ ಇರೋರು?"

"ಬಿಟ್ರು ಕಣೇ, ಬಿಟ್ರು. ನಡಿ, ಆಟೋ ಹಿಡಿಯೋಣ. ನೀನು ಒಳಗೆ ಮಾತ್ರ ಹೋಗ್ಬೇಡ."

ಹೆಂಡತಿ ನಿಂತಳು. ಎಂಟು ವರ್ಷ ಸಂಸಾರ ಮಾಡಿದವಳಿಗೆ ಈ ಮಾತಿನ ಅರ್ಥ ಗೊತ್ತಿರದೆ ಇರುತ್ತದೆಯೇ?

"ಯಾಕೆ ಹೋಗ್ಬಾರ್ದು? ಒಳಗೆ ಏನಿದೆ?"

"ಏನೂ ಇಲ್ಲ!"

ಅವಳು ಅವನನ್ನು ಬದಿಗೆ ಸರಿಸಿ ಒಳಗೆ ಹೋದಳು. ಹೊಸ್ತಿಲು ದಾಟಿದಳು.

"ಬಂದ್ರು!" ಎಂದ ದರ್ಜಿ. ಒಂದೇ ದಿನ ಇಬ್ಬರು!

ಕುರ್ಚಿ ಬಂತು, ದಿಂಬು ಬಂತು, ಚಹಾ ಬಂತು. ಜಗಳಕ್ಕೆಂದು ಎತ್ತಿದ ಕೈಯನ್ನು ನರ್ಸಮ್ಮ ಹಿಡಿದು ಬಿಪಿ ಪಟ್ಟಿ ಸುತ್ತಿದರು. ಟೀಚರಮ್ಮ ಎದುರು ಕೂತು, "ಹೇಗಿದೀರಮ್ಮ? ನಿಜ ಹೇಳ್ಬೇಕು" ಎಂದರು.

"ಚೆನ್ನಾಗಿದೀನಿ!" ಎಂದು ಹೆಂಡತಿ ರೂಢಿಯಂತೆ ಕಿರುಚಿದಳು. ಅವಳ ದನಿ ನಾಲ್ಕು ಗೋಡೆಗೂ ಬಡಿದು ಅವಳಿಗೇ ವಾಪಸ್ ಬಂತು. ಅವಳು ಸುತ್ತ ನೋಡಿದಳು. ಎಲ್ಲರೂ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು. ಎಲ್ಲೂ ಗಿರಣಿಯಿಲ್ಲ. ಅವಳು ಸೆರಗು ಬಿಚ್ಚಿ ಸರಿಮಾಡಿಕೊಂಡಳು.

"ಚೆನ್ನಾಗಿಲ್ಲ" ಎಂದಳು ಮೆಲ್ಲಗೆ. "ಕೇಳೋರು ಯಾರೂ ಇಲ್ಲ ನೋಡಿ."

"ನಾವಿದೀವಲ್ಲ" ಎಂದರು ಟೀಚರಮ್ಮ.

ಅವಳು ಮದುವೆಯ ದಿನದಿಂದ ಶುರು ಮಾಡಿದಳು.

ಬೀಗದವನು ಜನರ ನಡುವೆ ನುಗ್ಗಲು ನೋಡಿದ. "ಎದ್ದೇಳೇ, ಮನೆ ಕೈ ಬಿಟ್ಟುಹೋಗುತ್ತೆ!"

ದರ್ಜಿ ಅವನ ಭುಜ ಹಿಡಿದು ತಡೆದ. "ಬ್ರದರ್, ಹೊಸಬರ ಸುತ್ತ ಹೀಗೆ ಗುಂಪು ಕಟ್ಟಬಾರ್ದು. ಗಾಬರಿಯಾಗ್ತಾರೆ."

"ಅವಳು ನನ್ನ ಹೆಂಡ್ತಿ ರೀ!"

"ಇರ್ಬಹುದು. ಇವತ್ತು ನಮ್ಮ ಅತಿಥಿ. ನೀವು ಸದಸ್ಯರು, ಸುಮ್ನೆ ನಿಂತಿದೀರಲ್ಲ, ಆ ಬೆಂಚನ್ನ ಸ್ವಲ್ಪ ಈ ಕಡೆ ಎತ್ತಿ ಹಾಕಿ."

ಅವನು ಬೆಂಚು ಎತ್ತುತ್ತಿರುವಾಗ ಮನೆ ಮಾಲೀಕನ ಫೋನ್ ಬಂತು. ಬೀಗದವನು ಫೋನನ್ನು ಮೇಲೆತ್ತಿ ಹಿಡಿದು ಹೆಂಡತಿಗೆ ಕೈಸನ್ನೆ ಮಾಡಿದ. ಅವಳು ನೊಣ ಓಡಿಸುವಂತೆ ಕೈ ಬೀಸಿ ಮಾತು ಮುಂದುವರಿಸಿದಳು. ಆಗಿನ್ನೂ ಅವಳು ಮದುವೆಯ ಮೂರನೇ ವರ್ಷಕ್ಕೆ ಬಂದಿದ್ದಳು. ಹನ್ನೊಂದೂ ಹತ್ತಕ್ಕೆ ಮನೆ ಬೇರೆಯವರ ಪಾಲಾಯಿತು.

ಮಧ್ಯಾಹ್ನ ಇಬ್ಬರೂ ನಡೆದುಕೊಂಡು ಮನೆಗೆ ಹೊರಟರು. ಯಾವ ಗಳಿಗೆಯಲ್ಲಿ ಅಮ್ಮನ ಮನೆಯ ಮಾತು ಬರುತ್ತದೋ ಎಂದು ಬೀಗದವನು ತಲೆ ತಗ್ಗಿಸಿ ಕಾಯುತ್ತಿದ್ದ.

"ಮನೆ ಹೋಯ್ತು ಕಣೇ" ಎಂದು ಅವನೇ ಹೇಳಿದ. "ಇನ್ನೊಂದು ಹುಡುಕೋಣ. ನಾನೇ ಹುಡುಕ್ತೀನಿ."

"ಹೋಗಿದ್ದೇ ಒಳ್ಳೇದಾಯ್ತು ಬಿಡ್ರೀ. ಅಲ್ಲಿಂದ ಸಭೆಗೆ ಬರೋಕೆ ಎರಡು ಬಸ್ ಹತ್ಬೇಕು. ಈ ಮನೆಯಿಂದಾದ್ರೆ ನಡ್ಕೊಂಡೇ ಬರಬಹುದು. ಬುಧವಾರ ಸಂಜೆ ಬೇರೆ ಬನ್ನಿ ಅಂದಿದಾರೆ. ಮನೆ ಬದಲಾಯಿಸೋ ಮಾತು ಇನ್ನು ಎತ್ಬೇಡಿ."

"ಮತ್ತೆ ಗಿರಣಿ?"

"ನಂಗೆ ಹೇಳೋದೇನಿದ್ರೂ ಅಲ್ಲೇ ಹೇಳ್ತೀನಿ. ಇಲ್ಲಿ ಯಾರ ಜೊತೆ ಮಾತಾಡೋದಿದೆ?"

ಬೀಗದವನು ಅದಕ್ಕೆ ಉತ್ತರವೊಂದನ್ನು ಕೊಟ್ಟ. ಆದರೆ ಅಷ್ಟರಲ್ಲಿ ಅವರು ಮನೆಯ ಹತ್ತಿರ ಬಂದಿದ್ದರು, ಗಿರಣಿ ಓಡುತ್ತಿತ್ತು.

ಮುಂದಿನ ಭಾನುವಾರ ಅವಳು ತನ್ನ ಅಮ್ಮನನ್ನೂ ಇಬ್ಬರು ತಂಗಿಯರನ್ನೂ ಕರೆದುಕೊಂಡು ಸಭೆಗೆ ಹೋದಳು. ಬೀಗದವನಿಗೆ ಕುರ್ಚಿ ಸಿಗಲಿಲ್ಲ. ಆರಾಧನೆ ಮುಗಿಯುವವರೆಗೂ ಅವನು ಗೋಡೆಗೆ ಒರಗಿ ನಿಂತಿದ್ದ.